ದೊಡ್ಡಪ್ಪನ ಕಿಟಕಿ

ಡೀಸೆಲ್ ವಾಸನೆಗೆ ಕಣ್ಣಲ್ಲಿ ನೀರು ಬರುವುದು ಹೊಸದೇನಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸಿನ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡವರಿಗೆಲ್ಲ ಅದು ಗೊತ್ತು. ಆದರೆ ಕಳೆದ ತಿಂಗಳು ಕರಾವಳಿಯ ಒಂದು ಹೊಳೆಯ ದಡದಲ್ಲಿ, ಕೆಲಸ ಮುಗಿಸಿ ಈಗ ಮ್ಯೂಸಿಯಂ ಆಗಿರುವ ಹಳೆಯ ಲಾಂಚಿನ ಕಬ್ಬಿಣದ ಏಣಿ ಇಳಿಯುವಾಗ ಮೂಗಿಗೆ ಬಡಿದ ಡೀಸೆಲ್ಲಿನ ಜೊತೆ ಹಸಿ ಹಗ್ಗದ, ತುಕ್ಕಿನ, ಯಾವತ್ತೋ ಬಳಿದ ಪೇಂಟಿನ ವಾಸನೆಯೂ ಇತ್ತು. ಅದು ನಮ್ಮ ದೊಡ್ಡಪ್ಪನ ವಾಸನೆ. ನಾನು ಏಣಿಯ ಮಧ್ಯದಲ್ಲೇ ನಿಂತುಬಿಟ್ಟೆ. ಹಿಂದಿನವರೊಬ್ಬರು "ಮೇಡಂ, ಇಳೀತೀರೋ ಇಲ್ವೋ?" ಎಂದು ರೇಗಿದರು.

ದೊಡ್ಡಪ್ಪ ಎಂದರೆ ಅಮ್ಮನ ಅಕ್ಕನ ಗಂಡ. ಜನರನ್ನೂ ಸೈಕಲ್ಲುಗಳನ್ನೂ ಮೀನಿನ ಬುಟ್ಟಿಗಳನ್ನೂ ಹೊಳೆ ದಾಟಿಸುತ್ತಿದ್ದ ಇದೇ ಲಾಂಚಿನಲ್ಲಿ ಅವರು ಎಂಜಿನ್ ನೋಡಿಕೊಳ್ಳುತ್ತಿದ್ದರು. ಸೇತುವೆ ಬಂತು, ಲಾಂಚು ನಿಂತಿತು, ದೊಡ್ಡಪ್ಪ ದೊಡ್ಡಮ್ಮ ಬಸವೇಶ್ವರನಗರದ ನಮ್ಮ ಮನೆಯ ಹಿಂದಿನ ಪೋರ್ಷನ್ನಿಗೆ ಬಂದರು. ನೀರಿನಿಂದ ಅಷ್ಟು ದೂರ ಬಂದರೂ ದೊಡ್ಡಪ್ಪ ಲಾಂಚಿನಿಂದ ಇಳಿದಿರಲೇ ಇಲ್ಲ. ದೊಡ್ಡಮ್ಮ ಎಷ್ಟು ಒಗೆದರೂ ಅವರ ಬನಿಯನ್ನಿನ ಡೀಸೆಲ್ ಹೋಗಲಿಲ್ಲ. ಸಂಜೆಯಾದರೆ ಅಪ್ಪನ ಮೊಪೆಡ್ಡನ್ನು ಸೀಬೆ ಮರಕ್ಕೆ ಹಗ್ಗದಿಂದ ಕಟ್ಟಿಹಾಕುತ್ತಿದ್ದರು. ಆ ಗಂಟು ಬಿಚ್ಚಲು ಬಾರದೆ ಅಪ್ಪ ಗೊಣಗಿಕೊಂಡು ಬಸ್ಸಿನಲ್ಲಿ ಆಫೀಸಿಗೆ ಹೋದದ್ದುಂಟು. ನೆಂಟರೆಲ್ಲ ದಿವಾನದ ಒಂದೇ ತುದಿಯಲ್ಲಿ ಕೂತರೆ "ಈ ಬದಿ ಭಾರ ಜಾಸ್ತಿ ಆಯ್ತು, ಇಬ್ರು ಆಚೆ ಹೋಗಿ" ಎನ್ನುತ್ತಿದ್ದರು. ಆ ದನಿಯಲ್ಲಿ ಏನಿತ್ತೋ, ನೆಂಟರು ಕಾಫಿ ಲೋಟ ಹಿಡಿದುಕೊಂಡೇ ಎದ್ದು ಆಚೆ ಹೋಗಿ ಕೂರುತ್ತಿದ್ದರು.

ಅವರ ಇನ್ನೊಂದು ವಿಚಿತ್ರವೆಂದರೆ ಚಪ್ಪಲಿ. ಮುಖ ಮರೆಯುತ್ತಿದ್ದರು, ಪಾದ ಮರೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮೂರು ಬಾಡಿಗೆ ಪೋರ್ಷನ್ನುಗಳಿದ್ದವು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಯಾರು ಒಳಗಿದ್ದಾರೆ, ಯಾರು ಇದ್ದೂ ಇಲ್ಲವೆಂದು ಹೇಳಿಸುತ್ತಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ವಿಜಯನಗರದ ಛತ್ರದಲ್ಲಿ ಮದುವೆಯಾದರೆ ಊಟ ಮುಗಿಸಿದವರು ಮೊದಲು ಹುಡುಕುತ್ತಿದ್ದುದು ದೊಡ್ಡಪ್ಪನನ್ನು. ಅವರು ಆ ರಾಶಿಯಿಂದ ಒಬ್ಬೊಬ್ಬರ ಜೋಡಿಯನ್ನೂ ತಪ್ಪದೆ ಎತ್ತಿಕೊಡುತ್ತಿದ್ದರು. ಯಾರಾದರೂ ಎದುರಿಗೆ ಬಂದರೆ ಮೊದಲು ಅವರ ಪಾದ ನೋಡಿ ಆಮೇಲೆ ನಮಸ್ಕಾರ ಹೇಳುವುದು. ಹಿರಿಯರೆಲ್ಲ ಎಷ್ಟು ವಿನಯ ಈ ಮನುಷ್ಯನಿಗೆ ಎಂದು ಕೊಂಡಾಡುತ್ತಿದ್ದರು.

ಸಂಜೆ ಅವರು ನೀರಿನ ಸಂಪಿನ ಮುಚ್ಚಳದ ಮೇಲೆ ಕೂತು ಹೊಳೆಯ ಕಥೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಅಷ್ಟೇ ನೀರು. ಗುಡ್ಡದ ಹಿಂದಿನಿಂದ ಸೂರ್ಯ ಬರುವುದು, ಮದುಮಗಳ ಕೈಯಿಂದ ಹಾರವೇ ಹೊಳೆಗೆ ಬಿದ್ದದ್ದು, ಲಾಂಚಿನ ಪಕ್ಕದಲ್ಲೇ ಎರಡು ಡಾಲ್ಫಿನ್ನುಗಳು ಆಚೆ ದಡದವರೆಗೂ ಈಜಿಕೊಂಡು ಬಂದದ್ದು. ನಾನೂ ನನ್ನ ತಮ್ಮ ನಾಗುವೂ ಕಾಲು ಮಡಚಿ ಕೇಳುತ್ತಿದ್ದೆವು. ದೊಡ್ಡಪ್ಪ ನಶ್ಯ ಏರಿಸಲು ನಿಲ್ಲಿಸಿದರೆ ನಾಗು ತಡೆಯಲಾರದೆ "ಆಮೇಲೆ?" ಎನ್ನುತ್ತಿದ್ದ.

ಅದೇ ನಾಗು ಹನ್ನೆರಡು ವರ್ಷದವನಾದಾಗ, ಯುಗಾದಿಯ ದಿನ ಮನೆ ತುಂಬ ನೆಂಟರಿದ್ದಾಗ, ಕಥೆಯ ನಡುವೆ ಬಾಯಿ ಹಾಕಿದ. "ದೊಡ್ಡಪ್ಪ, ಎಂಜಿನ್ ರೂಮು ಲಾಂಚಿನ ಹೊಟ್ಟೇಲಿರುತ್ತಲ್ಲ, ಅಲ್ಲಿ ಕಿಟಕಿ ಇತ್ತಾ?"

"ಇತ್ತು ಮಾರಾಯ. ಬಸ್ಸಿನ ಬಾಗಿಲಷ್ಟು ದೊಡ್ಡದು."

"ಹಂಗಾದ್ರೆ ನೀರು ಒಳಗೆ ಬರ್ತಿರ್ಲಿಲ್ವಾ?"

ಒಬ್ಬಟ್ಟು ತಿನ್ನುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ದೊಡ್ಡಪ್ಪನೂ ನಕ್ಕರು. ಆದರೆ ಮಾರನೆಯ ಸಂಜೆ ಸಂಪಿನ ಮುಚ್ಚಳ ಖಾಲಿ ಇತ್ತು. ಅದರ ಮಾರನೆಯ ಸಂಜೆಯೂ. ಕರೆದರೆ "ಎಲ್ಲ ಮರ್ತು ಹೋಯ್ತು ಮಗಾ" ಎಂದರು. ಆಮೇಲೆ ಅವರು ಬದುಕಿದ್ದ ಅಷ್ಟೂ ವರ್ಷ ನಮಗೆ ಹೊಳೆಯ ಒಂದು ಹನಿಯೂ ಸಿಗಲಿಲ್ಲ. ನಾವಾಗಿ ಕ್ಷಮೆ ಕೇಳಲಿಲ್ಲ, ಕೇಳಬೇಕೆಂದು ಹೊಳೆಯುವ ವಯಸ್ಸಿಗೆ ಅವರಿರಲಿಲ್ಲ. ಈಗ ಆ ಮನೆಯೂ ಇಲ್ಲ. ಸೀಬೆ ಮರವಿದ್ದ ಕಡೆ ನಾಲ್ಕು ಅಂತಸ್ತಿನ ಪಿ.ಜಿ. ಎದ್ದಿದೆ, ಬಾಗಿಲಲ್ಲಿ ದೂರದೂರಿನ ಹುಡುಗರ ಚಪ್ಪಲಿಗಳ ರಾಶಿ ಇರುತ್ತದೆ, ಯಾವುದು ಯಾರದೆಂದು ಹೇಳುವವರಿಲ್ಲ.

ನಾನು ಲಾಂಚು ನೋಡಲು ಹೊರಟಿದ್ದೇನೆಂದು ತಿಳಿದು ನಾಗು ಕೆಂಗೇರಿಯಿಂದ ಫೋನು ಮಾಡಿದ್ದ. "ಅಕ್ಕಾ, ಕಿಟಕಿ ಇದ್ಯಾ ಅಂತ ನೋಡ್ಕೊಂಡು ಬಾ" ಎಂದು ನಕ್ಕ. ಮಂಡಿನೋವಿನ, ತಲೆ ನರೆತ ನನ್ನ ತಮ್ಮನ ಆ ನಗು ನಗುವಾಗಿರಲಿಲ್ಲ.

ಏಣಿ ಇಳಿದೆ. ಆಳೆತ್ತರದ ಎಂಜಿನ್ನಿಗೆ ಹಸಿರು ಪೇಂಟು ಬಳಿದು, ಮುಟ್ಟಬೇಡಿ ಎಂದು ಬೋರ್ಡು ನೇತುಹಾಕಿದ್ದರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಮರದ ಹಲಗೆ. ನಾಲ್ಕೂ ಕಡೆ ಕಬ್ಬಿಣದ ಗೋಡೆ. ಹಿಂದೆ ಇದೇ ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದ ಮುದುಕರೊಬ್ಬರು ಈಗ ಬಂದವರಿಗೆಲ್ಲ ವಿವರಿಸುತ್ತಿದ್ದರು. ಇಲ್ಲಿ ಕಿಟಕಿ ಇತ್ತಾ ಎಂದು ಕೇಳಿದೆ.

"ಎಂತ ಕಿಟಕಿ ಮಾರಾಯ್ರೆ, ನೀರು ಒಳಗೆ ಬರುದಿಲ್ವಾ?" ಎಂದು ನಕ್ಕರು. "ಗಾಳಿಗೆ ಅಂತ ಅದೊಂದು ಸಂದು ಉಂಟು ನೋಡಿ."

ಹಲಗೆಯ ಮೇಲೆ ಕೂತು ತಲೆ ಎತ್ತಿದೆ. ಸೂರಿಗೆ ತಾಗಿ ಒಂದು ಗೇಣೂ ಇಲ್ಲದ ಸಂದು, ಮೇಲಿನ ಡೆಕ್ಕಿಗೆ ತೆರೆದುಕೊಂಡಿತ್ತು. ಅದರಲ್ಲಿ ಹೊಳೆ ಕಾಣಲಿಲ್ಲ. ಚಪ್ಪಲಿಗಳು ಕಂಡವು. ಹವಾಯಿ ಚಪ್ಪಲಿ, ಮಗುವಿನ ಲೈಟು ಮಿನುಗುವ ಶೂ, ಕಾಲುಂಗುರ ತೊಟ್ಟ ಬರಿಗಾಲು. ನನಗೆ ಛತ್ರದ ಚಪ್ಪಲಿ ರಾಶಿ ನೆನಪಾಗಿ ಅಳುವೂ ನಗುವೂ ಒಟ್ಟಿಗೇ ಬಂತು. ಅಷ್ಟರಲ್ಲಿ ಮೇಲೆ ನಿಂತ ಯಾರೋ ಹೆಂಗಸು "ಅಯ್ಯೋ, ಆಚೆ ನೋಡ್ರೀ, ಹಕ್ಕಿ ಎಷ್ಟಿವೆ!" ಎಂದು ಕೂಗಿದಳು. ನನಗೆ ಹಕ್ಕಿಗಳು ಕಾಣಲಿಲ್ಲ, ಅವಳ ಕೂಗಿನಲ್ಲಿ ಸ್ಪಷ್ಟವಾಗಿ ಕೇಳಿಸಿದವು. ದೊಡ್ಡಪ್ಪನ ಸೂರ್ಯ, ಹಾರ, ಡಾಲ್ಫಿನ್ ಎಲ್ಲ ಇದೇ ಸಂದಿಯಿಂದ ಇಳಿದು ಬಂದಿರಬೇಕು.

ಮೇಲೆ ಬಂದು ನಾಗುವಿಗೆ ಫೋನು ಮಾಡಿದೆ.

"ಏನಕ್ಕಾ, ಇತ್ತಾ?"

"ಇತ್ತು ಕಣೋ."

"ಎಷ್ಟು ದೊಡ್ಡದು?"

"ಬಸ್ಸಿನ ಬಾಗಿಲಷ್ಟು."

ನಾನು ಅಲ್ಲೇ ಬೆಂಚಿನ ಮೇಲೆ ಕೂತು, ಎದುರಿನ ಖಾಲಿ ಹೊಳೆಯನ್ನು ನೋಡುತ್ತ, ಎರಡು ಡಾಲ್ಫಿನ್ನುಗಳು ಲಾಂಚಿನ ಪಕ್ಕಕ್ಕೇ ಬಂದವು ಕಣೋ ಎಂದು ಶುರು ಮಾಡಿದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೆಂಗೇರಿಯಿಂದ ದನಿ ಬಂತು.

"ಆಮೇಲೆ?"