ಆ ಕಡೆಗೆ ಹೋದ ಯತ್ತಪ್ಪನ ಹೆಂಡತಿ

ಎಪ್ಪತ್ಮೂರರ ಬೇಸಿಗೆಯಲ್ಲಿ ಹೊಳವನಹಳ್ಳಿ ಮಗ್ಗುಲಿನ ಕುರುಬರ ಕೇರಿಗೆ ಪೊಲೀಸ್ ಜೀಪು ಬಂದಾಗ ಕೆಂಪಕ್ಕ ಹಿಟ್ಟು ತೊಳಸುತ್ತಿದ್ದಳು. "ಗಂಡನ್ನ ಎಲ್ಲಿ ಬಚ್ಚಿಟ್ಟಿದೀಯ?" ಎಂದ ದಫೇದಾರ ಕುರಿರೊಪ್ಪವನ್ನೂ ಬಿಡದೆ ಜಾಲಾಡಿದ. ಪಾಕಿಸ್ತಾನದ ಗಡಿಯ ಕಾವಲಿನಲ್ಲಿದ್ದ ಸಿಪಾಯಿ ಯತ್ತಪ್ಪ ಕಾಣೆಯಾಗಿದ್ದನಂತೆ.

ಅವಳಿಗೆ ಅಂಜಿಕೆಗಿಂತ ಆಸೆಯೇ ಹೆಚ್ಚಾಯಿತು. ಓಡಿಬಂದವನು ಮನೆಗಲ್ಲದೆ ಇನ್ನೆಲ್ಲಿಗೆ ಹೋದಾನು? ಮಳೆಗಾಲ ಕಳೆಯುವವರೆಗೂ ಅವನ ಪಾಲಿನದೊಂದು ಮುದ್ದೆ ಕಟ್ಟಿಡುತ್ತಿದ್ದಳು. ಮರುದಿನ ಅದನ್ನೇ ಕಿವುಚಿ ಅತ್ತೆ ಸೊಸೆ ಅಂಬಲಿ ಮಾಡಿ ಕುಡಿಯುತ್ತಿದ್ದರು.

ದೀಪಾವಳಿ ರಜೆಗೆ ಬಂದ ಕೊರಟಗೆರೆಯ ರೇಣುಕಯ್ಯ ಅವರ ಮನೆ ಹುಡುಕಿಕೊಂಡು ಬಂದ. ಯತ್ತಪ್ಪನ ತುಕಡಿಯವನೇ. ಅತ್ತೆ ಕೊಲ್ಲಾಪುರಮ್ಮ ಕುರಿಯ ಹಿಂದೆ ಹೋಗಿದ್ದಳು.

"ಅವ್ನು ಕಾಣೆಯಾಗಿಲ್ಲ ಕಣಮ್ಮ, ಆ ಕಡೀಕೆ ಹೋಗ್ಬುಟ್ಟ. ಸುಬೇದಾರ್ರು ಎಲ್ರ ಮುಂದೆ ಕೆನ್ನೆಗೆ ಹೊಡ್ದಿದ್ರು. ಮಾರ್ನೆ ದಿನ ಬಂದೂಕ ತಲೆ ಮ್ಯಾಲೆತ್ತಿ ಹಿಡ್ಕಂಡು ಗಡಿ ದಾಟ್ದ. ಕೂಗ್ದೆ, ತಿರುಗಿ ನೋಡ್ಲಿಲ್ಲ."

"ಅವ್ರೇ ಹಿಡ್ಕಂಡೋಗಿರ್ಬೌದಲ್ಲಣ್ಣ?"

"ಇಲ್ಲ ಕಣಮ್ಮ. ಅವ್ನಾಗೇ ಹೋದ."

ಸುದ್ದಿ ಕೇರಿಯೆಲ್ಲ ಹರಡಿತು. ಸೇದುವ ಬಾವಿಯ ಹತ್ತಿರ ಹೆಂಗಸರು ಇವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಕೊಲ್ಲಾಪುರಮ್ಮ ಮಾತ್ರ ಅದನ್ನು ಕೊನೆಗೂ ನಂಬಲಿಲ್ಲ.

ಕೆಲವು ವರ್ಷದ ಮೇಲೆ, ಹೆಂಡತಿ ತೀರಿಕೊಂಡಿದ್ದ ಕ್ಯಾತಣ್ಣ ಇವಳನ್ನು ಕೂಡಿಕೆಯ ಮರುಮದುವೆ ಮಾಡಿಕೊಳ್ಳುತ್ತೇನೆಂದು ಹೇಳಿಕಳಿಸಿದ. ಒಳ್ಳೆಯವನು, ಮೆದು ಮಾತಿನವನು. ಕೆಂಪಕ್ಕನ ಮನಸ್ಸೂ ಆ ಕಡೆಗೆ ವಾಲಿತ್ತು. ಆದರೆ ಕುಲದ ಯಜಮಾನ ದಾಸಯ್ಯ ಒಪ್ಪಲಿಲ್ಲ. "ಗಂಡ ಸತ್ತಿರ್ಬೇಕು, ಇಲ್ಲ ಬಿಟ್ಟೆ ಅಂತ ಅವ್ನ ಬಾಯಲ್ಲೇ ಬರ್ಬೇಕು. ಎಲ್ಡೂ ಇಲ್ದೆ ನಾವೆಂಗಮ್ಮ ಒಪ್ಪಾದು?" ಕಾದು ಸಾಕಾದ ಕ್ಯಾತಣ್ಣ ಪಾವಗಡದ ಕಡೆಯಿಂದ ಹೆಣ್ಣು ತಂದುಕೊಂಡ.

ಎಂಬತ್ನಾಲ್ಕರಲ್ಲಿ ಉಣ್ಣೆ ಕೊಳ್ಳಲು ಬಂದ ಶಿರಾದ ಖಾಸಿಂ ಸಾಬರು ಇವಳನ್ನು ರೊಪ್ಪದ ಹಿಂದಕ್ಕೆ ಕರೆದರು. ಕರಾಚಿಯಲ್ಲಿದ್ದ ತಂಗಿಯನ್ನು ನೋಡಿಕೊಂಡು ಆಗಷ್ಟೇ ಮರಳಿದ್ದರು.

"ಶಿರಾದವ್ರು ಬಂದವ್ರೆ ಅಂತ ಕೇಳಿ ನಿನ್ ಗಂಡ್ನೇ ಹುಡುಕ್ಕಂಡು ಬಂದಿದ್ದ ತಾಯಿ. ಈಗ ಯೂಸುಫ್ ಅಂತ ಹೆಸ್ರು. ಹಾಲಿನ ಅಂಗಡಿ ಮಡಗವ್ನೆ. ಹೆಂಡ್ತಿ, ಇಬ್ರು ಹೆಣ್ಮಕ್ಳು."

"ನನ್ನ ಕೇಳಿದ್ನಾ?"

ಸಾಬರು ನೆಲ ನೋಡಿದರು. "ಅವ್ವನ್ನ ಕೇಳ್ದ. ನಿನ್ನ ಮಾತು ನಾನೇ ತೆಗ್ದೆ. 'ಇನ್ನೂ ಅಲ್ಲೇ ಅವ್ಳಾ?' ಅಂದ. ಆಮ್ಯಾಕೆ, ಸತ್ತೋದ ಅಂತ ಹೇಳ್ಬುಡಿ ಅಂದ."

ಮರುದಿನ ಕೆಂಪಕ್ಕ ಅತ್ತೆಯ ಮುಂದೆ ಕೂತು, "ಸತ್ತೋದ್ರಂತೆ ಕಣತ್ತೆ, ಗಡೀಲಿದ್ದಾಗ್ಲೇ" ಎಂದಳು. ಕೊಲ್ಲಾಪುರಮ್ಮ ಎದೆ ಬಡಿದುಕೊಂಡು ಅತ್ತಳು. ಕೇರಿಯವರು ಸೇರಿ ತಿಥಿ ಮಾಡಿದರು. ಅಲ್ಲೆಲ್ಲೋ ಹಾಲು ಅಳೆಯುತ್ತಿದ್ದ ಗಂಡನ ಹೆಸರಿನಲ್ಲಿ ಇಲ್ಲಿ ಹೆಂಗಸರು ಇವಳ ಬಳೆ ಒಡೆದರು. ಮುದುಕಿ ಊಟ ಬಿಟ್ಟು, ಸಂಕ್ರಾಂತಿಯ ಹೊತ್ತಿಗೆ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಸಂಜೆ ದಾಸಯ್ಯ ಕರುಣೆಯಿಂದಲೇ ಹೇಳಿದ: "ಇನ್ನೇನು ಅಡ್ಡಿಯಿಲ್ಲ ಕಣಮ್ಮ. ಬೇಕಾದ್ರೆ ಕೂಡಿಕೆ ಮಾಡ್ಕಬೌದು."

"ಯಾರನ್ನ?" ಎಂದಳು ಕೆಂಪಕ್ಕ.

ಅವಳು ರಾಯಚರ್ಲಿನ ಅಣ್ಣನ ಮನೆ ಸೇರಿ, ಅತ್ತಿಗೆ ಹಾಕಿದ್ದನ್ನು ಉಂಡುಕೊಂಡು ಅವರ ಕುರಿ ಕಾಯುತ್ತ ಉಳಿದಳು.