ಟ್ರಂಕಿನ ತಳದ ಜಪಮಾಲೆ

ರೋಸಮ್ಮ, ನಿನ್ನ ಜಪಮಾಲೆ ಕಳೆದಿರಲಿಲ್ಲ. ನಾನೇ ಕದ್ದಿದ್ದೆ. ಹನ್ನೊಂದು ವರ್ಷವಾಯಿತು — ಎದುರು ನಿಂತು ಹೇಳಲು ಬಾಯಿ ಬರಲಿಲ್ಲ. ಮೂರನೇ ಈಯತ್ತೆ ಕಲಿತವಳ ಅಕ್ಷರ, ನಿಧಾನ ಓದಿಕೋ.

ರಾಯಚೂರಿನ ಕ್ಯಾಥೊಲಿಕರ ಮನೆಯಿಂದ ನೀನು ರಂಗಂಪೇಟೆಗೆ ನನ್ನ ಸೊಸೆಯಾಗಿ ಬಂದೆ. ನಮ್ಮ ಪ್ರೊಟೆಸ್ಟಂಟ್ ಸಭೆಯವರು ಯೇಸುಸ್ವಾಮಿಯನ್ನು ಬಿಟ್ಟು ಇನ್ನೊಬ್ಬರನ್ನು ಬೇಡುವವರಲ್ಲ. ನೀನೋ ರೊಟ್ಟಿ ಬಡಿದು ಮುಗಿಸಿ, ಒಲೆಯ ಮುಂದೆಯೇ ಮಣಿ ಎಣಿಸುತ್ತ ಸಂತರನ್ನು ಕರೆಯುತ್ತಿದ್ದೆ. ಒಂದು ದಿನ ತಡೆಯದೆ ನಾನು ಅಂದೆ:

"ಸತ್ತವರಿಗೆ ಕಿವಿ ಎಲ್ಲಿಂದ ಬರ್ತಾವ? ಬದುಕಿರೋ ನಿನ್ನ ಗಂಡಗ ಕೂಗಿದ್ರ ಕೇಳಂಗಿಲ್ಲ."

ನೀನು ನಕ್ಕೆ. "ಅವರು ದೇವರ ಹತ್ರ ಅದಾರ್ರಿ ಅತ್ತಿ. ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ ಅಂತ ನಿಮಗ ಹೇಳ್ತೀನಲ್ಲ, ಹಂಗ ಅವರಿಗೂ ಹೇಳ್ತೀನಿ."

ನೀನು ನನಗೇ ಬುದ್ಧಿ ಹೇಳಿದೆ ಅನ್ನಿಸಿತು. ಅದೇ ಸಿಟ್ಟು. ನೀನು ನೀರಿಗೆ ಹೋದಾಗ ಮಾಲೆಯನ್ನು ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ನಿನ್ನ ತೀರಿಹೋದ ಅವ್ವನದು ಅದು — ಗೊತ್ತಿದ್ದೇ ಹಾಕಿದೆ.

ಕಳೆದದ್ದನ್ನು ಹುಡುಕಿಕೊಡುವ ಸಂತನೊಬ್ಬನಿದ್ದಾನೆ ಅಂದೆ ನೀನು. ಅವನ ವಾರವೆಂದು ಮೂರು ಮಂಗಳವಾರ ಮೇಣದಬತ್ತಿ ಹಚ್ಚಿದೆ. ನಾನು ಅದೇ ಟ್ರಂಕಿನ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ನಾಲ್ಕನೇ ಮಂಗಳವಾರ ನೀನು ಹಚ್ಚಲಿಲ್ಲ.

"ನೀವು ಹೇಳಿದ್ದ ಖರೆ ಅತ್ತಿ. ಯಾರೂ ಕೇಳಂಗಿಲ್ಲ."

ಆಗಲೇ ಎದ್ದು ಕೊಟ್ಟಿದ್ದರೆ — ಕೊಡಲಿಲ್ಲ. ಗೆದ್ದೆ ಅಂದುಕೊಂಡೆ. ನೀನು ಸಂತರನ್ನಷ್ಟೇ ಬಿಡಲಿಲ್ಲ, ಪ್ರಾರ್ಥನೆಯನ್ನೇ ಬಿಟ್ಟೆ. ಸಭೆಯಲ್ಲಿ ನನ್ನ ಪಕ್ಕ ಕುಳಿತು ತುಟಿ ಸಹ ಅಲುಗಿಸುವುದಿಲ್ಲ.

ಹೋದ ವರ್ಷ ನಿನ್ನ ಮಾವ ತೀರಿಕೊಂಡ ದಿನ, ಅವರಿಗೆ ಉಡಿಸಲು ಧೋತರ ತೆಗೆಯುವಾಗ ಮಾಲೆ ಕೈಗೆ ಸಿಕ್ಕಿತು. ಆಗಲೂ ಟ್ರಂಕು ಮುಚ್ಚಿದೆ. ಈಗ ದಿನಾ ಚಹಾ ಕಾಸುತ್ತ ಅವರೊಡನೆ ಮಾತಾಡುತ್ತೇನೆ. "ಕೇಳಾಕತ್ತೀರೇನ್ರಿ?" ಅನ್ನುತ್ತೇನೆ. ಕೇಳಿಸುವುದಿಲ್ಲ ಅನ್ನುತ್ತಾರೆ ಪಾಸ್ಟರು. ಕೇಳಿಸುತ್ತದೆ ಅನ್ನುವವಳು ಮನೆಯಲ್ಲಿ ಒಬ್ಬಳೇ ಇದ್ದಳು — ಅವಳ ಬಾಯಿ ಮುಚ್ಚಿಸಿದವಳು ನಾನು.

ಮಾಲೆ ಈ ಕಾಗದದ ಜೊತೆಗಿದೆ. ಸಂತ ಹುಡುಕಿಕೊಟ್ಟ ಅನ್ನಬೇಡ, ಸಂತ ಕೇಳಲಿಲ್ಲ ಅಂತಲೂ ಅನ್ನಬೇಡ. ಕೊಡದೆ ಇದ್ದವಳು ನಾನು. ಕ್ಷಮಿಸು ಅನ್ನುವುದಿಲ್ಲ. ನೀನು ಮತ್ತೆ ಪ್ರಾರ್ಥನೆಗೆ ಕೂತರೆ ಬಾಗಿಲಲ್ಲಿ ಕುಳಿತು ಕೇಳುವ ಆಸೆ. ಬೇಡ ಅಂದರೆ ಎದ್ದು ಹೋಗುತ್ತೇನೆ.