ಹತ್ತಿ ಗೋದಾಮಿನ ಕೆಂಪು ದೀಪ

ಫಕ್ಕೀರೇಶನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಸಂತೆಯ ದಿನ. ನಾನು ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದೆ. ಎದುರುಮನೆಯ ದಾವಲಬಿ ಬದನೆಕಾಯಿ ಚೀಲ ಹೊತ್ತು ಬಂದವಳು ತನ್ನ ಮನೆಗೆ ಹೋಗದೆ ನೇರ ನನ್ನ ಹತ್ತಿರವೇ ಬಂದಳು. ಸುದ್ದಿ ಬಿಸಿಯಿದ್ದಾಗ ಅವಳು ಯಾವತ್ತೂ ತನ್ನ ಮನೆಗೆ ಮೊದಲು ಹೋದವಳಲ್ಲ.

“ವೀರವ್ವಕ್ಕಾ, ನಿಮ್ಮ ಹತ್ತಿ ಗೋದಾಮಿಗೆ ಗಿರಾಕಿ ಸಿಕ್ಕತು ನೋಡು. ಫಕ್ಕೀರೇಶ ಅಂತ, ತಿಳವಳ್ಳಿಯಾಂವ, ಆದ್ರ ಮದ್ರಾಸಿನ್ಯಾಗ ಇದ್ದು ಬಂದಾನ. ಸಿನಿಮಾ ಹಾಡಿಗೆ ಬಾರಸ್ತಿದ್ದನಂತ.”

“ಏನ ಬಾರಸ್ತಿದ್ದ?”

“ಕೇಳಿದೆ. ಮೂರು ಮೂಲಿ ಬಗ್ಗಿಸಿದ ಒಂದು ಸಲಾಕಿ. ಹಾಡು ಮುಗಿಯೂ ಹೊತ್ತಿಗೆ ಟಿಣ್ ಅಂತ ಒಮ್ಮೆ ಹೊಡೀತಿದ್ದನಂತ.”

“ಮತ್ತ?”

“ಮತ್ತೇನಿಲ್ಲ. ಅಷ್ಟ.”

ನಾನು ಸಾಲೆಗೆ ಹೋದದ್ದು ಕಡಿಮೆ. ಆದರೆ ನಮ್ಮ ಸಾಲೆಯಲ್ಲಿ ಗಂಟೆ ಬಾರಿಸುವ ಜವಾನನೊಬ್ಬ ಇದ್ದ. ಹಾಡು, ಪಿಟೀಲು ಯಾವುದರ ಹಂಗೂ ಇಲ್ಲದೆ ಅವನು ದಿನವಿಡೀ ಬಾರಿಸುತ್ತಿದ್ದ. ಅದಕ್ಕಾಗಿ ಅವನು ಹಿರೇಕೆರೂರು ದಾಟಿ ಹೋದದ್ದನ್ನು ನಾನು ನೋಡಿಲ್ಲ. ಇವನು ಮಾತ್ರ ಮದ್ರಾಸಿನತನಕ ಹೋಗಿ, ಅಲ್ಲೇ ಮುದುಕನಾಗಿ, ಸಲಾಕೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದಿದ್ದ.

ಬಂದ ಮನುಷ್ಯ ಬಡಕಲು. ಇಸ್ತ್ರಿಯ ಅಂಗಿ, ಎಣ್ಣೆ ಹಚ್ಚಿ ಬಾಚಿದ ನಾಲ್ಕು ಕೂದಲು. ಗೋದಾಮಿನ ಗೋಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟ. ನನ್ನ ಯಜಮಾನರು ಹೋದ ಮೇಲೆ ಹತ್ತಿಯ ವ್ಯಾಪಾರವೂ ಹೋಗಿತ್ತು. ಬಾವಲಿಗಳನ್ನು ಬಿಟ್ಟರೆ ಆ ಗೋದಾಮಿನ ಬಗ್ಗೆ ಒಳ್ಳೆಯ ಮಾತಾಡುವವರು ಉಳಿದಿರಲಿಲ್ಲ.

“ಭಾಳ ಛಲೋ ಐತ್ರಿ ಅಕ್ಕಾರ. ಗ್ವಾಡ್ಯಾಗ ಇನ್ನೂ ಹತ್ತಿ ಅಂಟೇತಿ. ದನಿ ಹೊಳ್ಳಿ ಬರಂಗಿಲ್ಲ.”

“ನಮ್ಮ ಮನ್ಯಾಗ ಹೋದದ್ದು ಯಾವುದೂ ಹೊಳ್ಳಿ ಬಂದಿಲ್ರಿ, ಕುಂತ್ರಿ,” ಎಂದು ಚಹಾ ಕೊಟ್ಟೆ.

ಚಹಾ ಕುಡಿಯುತ್ತ ಕಥೆ ಹೇಳಿದ. ಹುಡುಗನಾಗಿದ್ದಾಗ ಹಾನಗಲ್ಲಿಗೆ ಬಂದ ನಾಟಕ ಕಂಪನಿಯ ಬೆನ್ನು ಹತ್ತಿ ಹೋದನಂತೆ. ಕಂಪನಿ ಮದ್ರಾಸಿನಲ್ಲಿ ಮುಳುಗಿತು. ಅಲ್ಲಿ ಸಿನಿಮಾ ಹಾಡು ಹಿಡಿಯುವ ಒಂದು ದೊಡ್ಡ ಸ್ಟುಡಿಯೊ. ಸಲಾಕೆಯವನಿಗೆ ಜ್ವರ ಬಂದ ದಿನ ಇವನು ಕಸ ಹೊಡೆಯುತ್ತ ಬಾಗಿಲಲ್ಲಿ ನಿಂತಿದ್ದ. ಕೈಗೆ ಸಲಾಕೆ ಕೊಟ್ಟರು. ಟಾಕೀಜಿನಷ್ಟು ದೊಡ್ಡ ಆ ಕೋಣೆಯಲ್ಲಿ ಸಾಲು ಸಾಲು ಪಿಟೀಲು, ಕೊಳಲು, ತುತ್ತೂರಿ, ಎಲ್ಲರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ನುಡಿಸಬೇಕು. ಕೆಂಪು ದೀಪ ಹತ್ತಿತೆಂದರೆ ಕೆಮ್ಮುವಂತಿಲ್ಲ. ಒಬ್ಬ ತಪ್ಪಿದರೂ ಎಲ್ಲರೂ ಮೊದಲಿನಿಂದ. ಇವನು ಕಟ್ಟಕಡೆಯ ಸಾಲು.

“ಅಂದ್ರ ಉಳಿದವ್ರು ದುಡೀತಿದ್ರು, ನೀವು ಅವರು ಮುಗಿಸೂದನ್ನ ಕಾಯ್ತಿದ್ರಿ ಅನ್ರಿ.”

“ಹೂಂರಿ, ಕಾಯೂ ನೌಕರಿ,” ಎಂದ. ಸಿಟ್ಟೂ ಬರಲಿಲ್ಲ ಪುಣ್ಯಾತ್ಮನಿಗೆ. “ಈಗ ಒಬ್ಬೊಬ್ಬರ ಬಂದು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ನುಡಿಸಿ ಹೊಕ್ಕಾರ್ರಿ, ಒಬ್ಬರ ಮುಖ ಒಬ್ಬರು ನೋಡಂಗಿಲ್ಲ. ನಮ್ಮ ಸ್ಟುಡಿಯೊ ಕೆಡವಿ ಕಾರು ನಿಲ್ಲಸ್ತಾರ.”

ಅವನ ಸಂಕಟ ಬೇರೆಯೇ ಇತ್ತು. ತಿಳವಳ್ಳಿಯಲ್ಲಿ ಅವನ ಅವ್ವ ಗುತ್ತೆವ್ವ, ಮಗನ ಟಿಣ್ ಕೇಳಲೆಂದು ವರ್ಷಗಟ್ಟಲೆ ಗೌಡರ ರೇಡಿಯೊ ಮುಂದೆ ಕುಳಿತಳಂತೆ. ಹಾಡು ಪೂರ್ತಿ ಬರುತ್ತಿತ್ತು. ಕಡೆಯ ಟಿಣ್ ಬರಬೇಕು ಅನ್ನುವಷ್ಟರಲ್ಲಿ ರೇಡಿಯೊದ ಹೆಣ್ಣುಮಗಳು ಬಾಯಿ ಹಾಕಿ ಮುಂದಿನ ಹಾಡಿನ ಹೆಸರು ಹೇಳಿಬಿಡುತ್ತಿದ್ದಳು. ಕೇಳದೆಯೇ ಅವ್ವ ಹೋದಳು.

ನಾನೂ ಪರೀಕ್ಷೆ ಮಾಡಿದೆ. ಮೈದುನನ ಮಗ ಮಾಲತೇಶನ ಫೋನಿನಲ್ಲಿ ಫಕ್ಕೀರೇಶ ಹೇಳಿದ ಹಾಡನ್ನೇ ಹಾಕಿಸಿದೆ. ಟಿಣ್ ಬರುವ ಜಾಗದಲ್ಲಿ ಟೈರಿನ ಜಾಹೀರಾತು ಬಂತು. ಫಕ್ಕೀರೇಶ ಟೈರನ್ನೂ ಗೌರವದಿಂದ ಪೂರ್ತಿ ಕೇಳಿದ.

ಹೀಗಾಗಿ ಅವನಿಗೆ ಬೇಕಾದದ್ದು ಇಷ್ಟೇ: ಆ ಸ್ಟುಡಿಯೊದಲ್ಲಿ ಹಿಡಿಯುತ್ತಿದ್ದಂತೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಒಂದೇ ಒಂದು ಹಾಡು, ಕೊನೆಗೆ ಅವನ ಟಿಣ್, ಅದು ತಾನಾಗಿ ಸಾಯುವತನಕ ಯಾರೂ ಉಸಿರೆತ್ತಬಾರದು. ಸ್ಟುಡಿಯೊ ಮುಚ್ಚುವಾಗ ಸಿಕ್ಕ ಬೂದುಗುಂಬಳದಂಥ ಒಂದು ಮೈಕೂ ದನಿ ಹಿಡಿಯುವ ಪೆಟ್ಟಿಗೆಯೂ ಅವನ ಹತ್ತಿರವಿದ್ದವು. ಆದರೆ ಮಾಲತೇಶನದು ಒಂದೇ ಪಟ್ಟು. “ದೊಡ್ಡವ್ವ, ದೀಪಾವಳಿಗೆ ಗೋದಾಮಿಗೆ ಗೋವಿನಜ್ವಾಳ ಬರತೈತಿ. ಅಷ್ಟರಾಗ ಟಿಣ್ ಮುಗಸಾಕ ಹೇಳ್ರಿ. ಮುಂದ ನಾ ಕೇಳಾಂವಲ್ಲ.”

ಗೋದಾಮಿನ ಕರೆಂಟು ಎಂದೋ ಕಡಿದುಹೋಗಿತ್ತು. ನನ್ನ ಅಡಿಗೆಮನೆಯಿಂದ ವಾಯರು ಎಳೆದರು. ಕೆಂಪು ದೀಪದ ಗುಂಡಿ ನನ್ನ ಒಲೆಯ ಪಕ್ಕಕ್ಕೇ ಬಂತು; ನಡುವಿನ ಕಿಟಕಿಯಿಂದ ಗೋದಾಮು ಕಾಣುತ್ತಿತ್ತು. ಸರಕಾರ ಬಡವರಿಗೆಂದು ಕೊಟ್ಟ ಪುಕ್ಕಟೆ ಕರೆಂಟಿನಲ್ಲಿ ಮದ್ರಾಸು ಬೆಳಗಿತು. ದೀಪ ಹತ್ತಿದಾಗ ಕುಕ್ಕರ್ ಕೂಗುವಂತಿಲ್ಲ, ಒಗ್ಗರಣೆ ಸಿಡಿಯುವಂತಿಲ್ಲ. ನನ್ನ ಮನೆಯಲ್ಲಿ ನನ್ನ ಸಾಸಿವೆಗೆ ಇನ್ನೊಬ್ಬರ ಅಪ್ಪಣೆ ಬೇಕಾಯಿತು.

ಪಿಟೀಲಿನವರನ್ನು ಎಲ್ಲಿಂದ ತರುವುದು? ಸವಣೂರಿನ ಅಸದನ ಮದುವೆ ಬ್ಯಾಂಡು ಬಂತು. ಶಿಗ್ಗಾಂವಿಯಿಂದ ಇಬ್ಬರು, ತಡಸದಿಂದ ಡೋಲಿನವನೊಬ್ಬ ಸೇರಿದರು. ಫಕ್ಕೀರೇಶ ಎಲ್ಲರನ್ನೂ ಸಾಲಾಗಿ ಕುರ್ಚಿಯ ಮೇಲೆ ಕೂರಿಸಿದ. ದೀಪ ಹತ್ತಿತು. ಅಸದ ಕ್ಲಾರಿಯೊನೆಟ್ ತುಟಿಗಿಟ್ಟ. ನಮ್ಮ ಎಮ್ಮೆ ಕರು ಹಾಕುವಾಗ ಇದಕ್ಕಿಂತ ಹಿತವಾಗಿ ಕೂಗಿತ್ತು.

ಮಾರನೆಯ ದಿನವೂ ಅದೇ. ಕೊನೆಗೆ ಅಸದ ಬಾಯಿಬಿಟ್ಟ. “ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ನಾವು ಕುಂತು ಊದಿದವ್ರಲ್ಲ. ನಮ್ಮಜ್ಜನ ಕಾಲದಿಂದ ಮದಿಮಗನ ಮುಂದ ನಡಕೋಂತ ಊದಿದವ್ರು. ಕಾಲ ನಿಂತ್ರ ಉಸುರ ನಿಲ್ಲತೈತ್ರಿ.”

“ನಮ್ಮ ಸ್ಟುಡಿಯೊದಾಗ ಯಾರೂ ನಡೀತಿರಲಿಲ್ಲಪಾ.”

“ಅದಕ್ಕ ಅದು ಬಿದ್ದು ಹೋತೇನೋ,” ಎಂದೆ ನಾನು ಕಿಟಕಿಯಿಂದ.

ಫಕ್ಕೀರೇಶ ನನ್ನನ್ನೂ ಅವರ ಕಾಲುಗಳನ್ನೂ ನೋಡಿದ. ಎದ್ದು ನಡೆಯಲು ಹೇಳಿದ. ಹಾಡು ಬಂತು, ಚೆಂದ ಬಂತು. ಅದರ ಜೊತೆಗೆ ಬೂಟಿನ ಸಪ್ಪಳವೂ ಬಂತು. ಬೂಟು ಬಿಚ್ಚಿಸಿದ. ನನ್ನ ಅಟ್ಟದ ಹಳೆಯ ಗಾದಿಗಳನ್ನು ಹರಿದು ನೆಲಕ್ಕೆಲ್ಲ ಹತ್ತಿ ಹಾಸಿದೆವು. ಮೈಕಿನ ಸುತ್ತ, ಮದುಮಗನಿಲ್ಲದ ಮೆರವಣಿಗೆಯೊಂದು ಬರಿಗಾಲಿನಲ್ಲಿ ಹತ್ತಿಯ ಮೇಲೆ ತಿರುಗತೊಡಗಿತು. ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡೆ. ದೀಪ ಹತ್ತಿತ್ತಲ್ಲ.

ಆದರೂ ಪ್ರತಿ ಸಲ ಕೊನೆಯಲ್ಲಿ ಕೆಡುತ್ತಿತ್ತು. ಟಿಣ್ ಅಂದೊಡನೆ ಯಾರೋ ಉಸ್ಸೆನ್ನುವರು, ಡೋಲಿನ ಪಟ್ಟಿ ಕಿರುಗುಟ್ಟುವುದು. ಇಷ್ಟು ಮಂದಿ ಉಸಿರು ಹಿಡಿದು ನಿಲ್ಲುವುದು ಮದ್ರಾಸಿನಲ್ಲಿ ಆಗುತ್ತಿತ್ತೇನೋ, ನಮ್ಮ ಕಡೆ ಆಗಲಿಲ್ಲ.

ದೀಪಾವಳಿಯ ಹಿಂದಿನ ಮಧ್ಯಾಹ್ನ ಮಾಲತೇಶನ ಗೋವಿನಜೋಳದ ಟ್ರ್ಯಾಕ್ಟರು ಬಂದೇಬಿಟ್ಟಿತು. ಇದೊಂದು ಸಲ ಎಂದು ಕೈಮುಗಿದು ಅದನ್ನು ಓಣಿಯ ತುದಿಯಲ್ಲಿ ಬಂದ್ ಮಾಡಿಸಿ ನಿಲ್ಲಿಸಿದೆವು. ನಾನು ಒಲೆಯ ಮೇಲೆ ಹಾಲಿಟ್ಟು ಗುಂಡಿ ಒತ್ತಿದೆ. ಮೆರವಣಿಗೆ ಶುರುವಾಯಿತು. ಅಸದ ಕಣ್ಣು ಮುಚ್ಚಿ ಊದುತ್ತಿದ್ದ. ಹಾಡು ಅರ್ಧ ದಾಟಿರಬೇಕು. ಇನ್ನೂ ತಾಲೀಮೇ ನಡೆದಿದೆಯೆಂದು ತಿಳಿದು ದಾವಲಬಿ ಚಹಾದ ಕಿಟ್ಲಿ ಹಿಡಿದು ಗೋದಾಮಿನ ದೊಡ್ಡ ಬಾಗಿಲನ್ನು ಮೆಲ್ಲಗೆ ತೆರೆದಳು.

ಹುಟ್ಟಿನಿಂದ ದಾರಿ ಸಿಕ್ಕಲ್ಲಿ ನಡೆದ ಕಾಲು ಅದು. ಮುಖಕ್ಕೆ ಗಾಳಿ ತಾಗಿದ್ದೇ ತಡ ಅಸದ ಸೀದಾ ಹೊರಗೆ ನಡೆದ. ಅವನ ಹಿಂದೆ ತುತ್ತೂರಿ, ಅದರ ಹಿಂದೆ ಡೋಲು. ಒಬ್ಬನಿಗೂ ಅನುಮಾನ ಬರಲಿಲ್ಲ. ದಾವಲಬಿ ಕಿಟ್ಲಿ ಹಿಡಿದು ಬೀಗಿತ್ತಿಯಂತೆ ಬಾಗಿಲ ಪಕ್ಕ ನಿಂತು ಎಲ್ಲರಿಗೂ ದಾರಿ ಬಿಟ್ಟಳು. ಬ್ಯಾಂಡು ಬರಿಗಾಲಿನಲ್ಲಿ, ಪಾದಕ್ಕೆ ಹತ್ತಿ ಅಂಟಿಸಿಕೊಂಡು, ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟುಹೋಯಿತು.

ಒಳಗೆ ಫಕ್ಕೀರೇಶ ಒಬ್ಬನೇ, ಕೈಯಲ್ಲಿ ಸಲಾಕೆ. ಮುಗಿಯಿತು ಇವನ ಕಥೆ ಎಂದು ನಾನು ಗುಂಡಿಗೆ ಕೈ ಹಾಕಿದೆ. ಅವನು ನನ್ನ ಕಡೆ ನೋಡದೆಯೇ ಒಂದು ಬೆರಳು ಎತ್ತಿದ. ಬೇಡ.

ಹಾಡು ಓಣಿ ದಾಟಿತು, ಸಣ್ಣದಾಯಿತು, ಟ್ರ್ಯಾಕ್ಟರಿನ ಆಚೆ ಸೊಳ್ಳೆಯ ದನಿಯಷ್ಟಾಯಿತು. ಅದು ಪೂರಾ ಅಡಗುವ ಹೊತ್ತಿಗೆ ಅವನು ಹೊಡೆದ.

ಆ ಟಿಣ್ ಹೇಗಿತ್ತೆಂದು ಬರೆಯಲು ನನಗೆ ಬಾರದು. ಮುಗಿಯಿತು ಅನ್ನಿಸುತ್ತಿತ್ತು, ಇನ್ನೂ ಇರುತ್ತಿತ್ತು. ಹಾಲು ಉಕ್ಕಿ ಒಲೆಗೆ ಬಿತ್ತು, ನಾನು ಕದಲಲಿಲ್ಲ. ದಾವಲಬಿಯ ಬಾಯಿ ಕೂಡ, ನಾನು ಕಂಡಂತೆ ಮೊದಲ ಸಲ, ಮುಚ್ಚಿತ್ತು. ಅವನು ಬೆರಳು ಇಳಿಸಿದ ಮೇಲೆಯೇ ನಾನು ದೀಪ ಆರಿಸಿದೆ.

ಅಸದನ ಮಂದಿ ತಲೆ ತಗ್ಗಿಸಿ ವಾಪಸು ಬಂದರು. ಹಿಡಿದದ್ದನ್ನು ಹಾಕಿ ಕೇಳಿಸಿದಾಗ ತಲೆ ಎತ್ತಿದರು. ಈಗ ಸವಣೂರಿನಲ್ಲಿ, ತಾವು ಬೇಕಂತಲೇ ಹೊರಗೆ ನಡೆದೆವೆಂದು ಹೇಳಿಕೊಂಡು ತಿರುಗುತ್ತಾರಂತೆ. ಗೋದಾಮಿಗೆ ಗೋವಿನಜೋಳ ತುಂಬಿತು. ಫಕ್ಕೀರೇಶ ತಿಳವಳ್ಳಿಗೆ ಹೋಗಿ ಅವ್ವನ ಸಮಾಧಿಯ ಮುಂದೆ ಅದನ್ನೊಮ್ಮೆ ಹಾಕಿ ಬಂದ. ನಡುವೆ ಯಾರೂ ಬಾಯಿ ಹಾಕಲಿಲ್ಲವಂತೆ. ಆಮೇಲೆ ಅವನು ನನ್ನ ಹಿತ್ತಲ ಕೋಣೆಯಲ್ಲೇ ಉಳಿದ.

ಚಳಿಗಾಲಕ್ಕೆ ಅವನ ಉಸಿರು ಕಟ್ಟತೊಡಗಿತು. ಒಂದು ಸಂಜೆ ಗಂಜಿ ಒಯ್ದಾಗ ಸನ್ನೆ ಮಾಡಿ ಹತ್ತಿರ ಕರೆದ.

“ಅಕ್ಕಾರ, ಒಂದು ಮಾತು. ನಾ ಹೋದ ದಿನ ಅಸದ ತನ್ನ ಮಂದೀನ ಕರಕೊಂಡು ಬರತೇನಿ ಅಂದಾನ. ಊದಕೋಂತ ನನ್ನ ಮುಂದ ಹೊಕ್ಕಾರ. ಆ ಕೆಂಪು ದೀಪ ಹಚ್ರಿ, ಅವರ ದನಿ ಪೂರಾ ಅಡಗೂತನಕ ಆರಿಸಬ್ಯಾಡ್ರಿ.” ಉಸಿರು ಎಳೆದುಕೊಂಡು, ನಾನು ಏನನ್ನುವೆನೋ ಎಂದು ಅವನೇ ಮುಂದಾಗಿ ಅಂದುಬಿಟ್ಟ: “ಕರೆಂಟ್ ಹೆಂಗೂ ಪುಕ್ಕಟೆ ಐತೆಲ್ರಿ.”